ಒಸಾಫುನೆಯಲ್ಲಿ ಕತ್ತಿಗೆ ಮಣ್ಣು ಬಳಿಯುವವರು

ಜಪಾನಿನ ಒಕಯಾಮದ ಕೊರಾಕುಯೆನ್ ಉದ್ಯಾನವನ್ನು ಎಲ್ಲರೂ ಹೊಗಳುತ್ತಾರೆ. ನನಗೇಕೋ ಅಷ್ಟು ಒಪ್ಪ ಮಾಡಿದ ಹುಲ್ಲು ರುಚಿಸಲಿಲ್ಲ. ಆಕೋ ಲೈನಿನ ರೈಲು ಹತ್ತಿ ಒಸಾಫುನೆಗೆ ಹೋದೆವು. ಕಾಮಕುರಾ ಕಾಲದಿಂದ, ಅಂದರೆ ಸುಮಾರು ಎಂಟುನೂರು ವರ್ಷದಿಂದ ಕತ್ತಿಗೆ ಹೆಸರಾದ ಊರು ಅದು.

ಸ್ಟೇಷನ್ ಹೊರಗೆ ಒಂದೇ ಒಂದು ಟ್ಯಾಕ್ಸಿ ಇರಲಿಲ್ಲ. ಜುಲೈ ಬಿಸಿಲಲ್ಲಿ ಕತ್ತಿ ಮ್ಯೂಸಿಯಂವರೆಗೂ ನಡಿಗೆ. ಹೋಗುವವರು ಟ್ಯಾಕ್ಸಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಸೋಮವಾರವಂತೂ ಬೇಡವೇ ಬೇಡ, ರಜೆ.

ಮ್ಯೂಸಿಯಂ ಆವರಣದಲ್ಲೇ ಕಮ್ಮಾರರ ಕೆಲಸದ ಮನೆ ಇದೆ. ಅಲ್ಲಿ ಒಬ್ಬ ಹಿರಿಯರು ಚಿಕ್ಕ ಕರಣೆ ಹಿಡಿದು ಕತ್ತಿಗೆ ಮಣ್ಣು ಬಳಿಯುತ್ತಿದ್ದರು. ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿದ ಕರಿ ಹಿಟ್ಟು. ಬೆನ್ನಿನ ಕಡೆ ದಪ್ಪಗೆ, ಅಲಗಿನ ಕಡೆ ತೆಳ್ಳಗೆ. ಆಮೇಲೆ ಕರಣೆಯ ಅಂಚಿನಿಂದ ಅಲಗಿನ ಕಡೆಗೆ ಸಣ್ಣ ಸಣ್ಣ ಅಡ್ಡ ಗೆರೆ. ಕಾಯಿಸಿ ನೀರಿಗೆ ಅದ್ದಿದಾಗ ತೆಳು ಮಣ್ಣಿನ ಜಾಗ ಬೇಗ ಆರಿ ಗಟ್ಟಿಯಾಗುತ್ತದೆ, ದಪ್ಪ ಮಣ್ಣಿನ ಜಾಗ ಮೆತ್ತಗೇ ಉಳಿಯುತ್ತದೆ. ಎರಡೂ ಸೇರುವಲ್ಲಿ ಮೂಡುವ ಬಿಳಿ ಚಿತ್ತಾರವೇ ಹಮೋನ್. ಬಿಝೆನ್ (ಈ ಸೀಮೆಯ ಹಳೆಯ ಹೆಸರು) ಕಮ್ಮಾರರ ಅಚ್ಚುಮೆಚ್ಚು ಲವಂಗದ ಮೊಗ್ಗಿನ ಸಾಲಿನಂಥ ಚಿತ್ತಾರ.

ಜಪಾನಿ ಬಲ್ಲ ಗೆಳತಿಯ ಮೂಲಕ ಕೇಳಿದೆ, "ಸೆನ್ಸೇ (ಗುರುಗಳೇ), ನೀವು ಬಳಿದ ಹಾಗೇ ಮೂಡುತ್ತಾ?"

"ಇಲ್ಲ. ಗೆರೆ ಸ್ವಲ್ಪ ಸರಿಯುತ್ತೆ. ಎಷ್ಟು ಸರಿಯುತ್ತೆ ಅಂತ ಊಹಿಸಿ ಬಳೀಬೇಕು."

"ಕಾವು ಅಳೆಯೋದು ಹೇಗೆ?"

"ಕಣ್ಣಲ್ಲೇ. ಅದಕ್ಕೇ ಕತ್ತಲೆ ಮಾಡ್ಕೊಳ್ತೀವಿ, ಬೆಳಕಲ್ಲಿ ಕೆಂಪಿನ ಬಣ್ಣ ಮೋಸ ಮಾಡುತ್ತೆ."

ನೀರಲ್ಲಿ ಬಿರುಕು ಬಿಟ್ಟರೆ ಅಷ್ಟೂ ದಿನದ ಕೆಲಸ ಹಾಳು. ಕಾಗದದ ಮೇಲೂ ಚಿತ್ರ ಬಿಡಿಸುತ್ತೀರಾ ಎಂದೆ. ಗೋಡೆಯತ್ತ ಕೈ ತೋರಿಸಿದರು. ಮಸಿಯಲ್ಲಿ ಬಿಡಿಸಿದ ಬಿದಿರು, ಒಂದು ಕೊಕ್ಕರೆ. "ಅದು ಸುಲಭ. ಬಳಿದದ್ದು ಬಳಿದಲ್ಲೇ ಇರುತ್ತೆ!" ಎಂದು ನಕ್ಕರು. ಕೊಕ್ಕರೆ ನನಗೇನೂ ಹಿಡಿಸಲಿಲ್ಲ. ಮಣ್ಣಿನ ಗೆರೆಗಳೇ ಚೆಂದ.

ಕತ್ತಿ ಮಾಡುವ ಕಮ್ಮಾರರಿಗೆ ಲೈಸೆನ್ಸ್ ಸಿಗಬೇಕಾದರೆ ಗುರುವಿನ ಬಳಿ ಕನಿಷ್ಠ 5 ವರ್ಷ ದುಡಿಯಬೇಕು. ಸಿಕ್ಕ ಮೇಲೂ ತಿಂಗಳಿಗೆ ಉದ್ದ ಕತ್ತಿ ಎರಡೇ ಮಾಡಬಹುದು. ಜಾಸ್ತಿ ಮಾಡುವಂತಿಲ್ಲ.

ಇಲ್ಲಿನ ಸೆತೊಉಚಿ ನಗರಸಭೆ 2020ರಲ್ಲಿ ಜನರಿಂದ ದೇಣಿಗೆ ಎತ್ತಿ, ಸುಮಾರು 50 ಕೋಟಿ ಯೆನ್ ಕೊಟ್ಟು 'ಸಾನ್ಚೋಮೋ' ಎಂಬ ಹಳೆಯ ಕತ್ತಿಯನ್ನು ಕೊಂಡಿತು. ಒಂದು ಕಾಲಕ್ಕೆ ಉಯೆಸುಗಿ ಕೆನ್ಶಿನ್ ಎಂಬ ಹದಿನಾರನೇ ಶತಮಾನದ ಸೇನಾನಾಯಕನ ಬಳಿ ಇದ್ದದ್ದು. ಹಮೋನಿನ ಅಬ್ಬರಕ್ಕೇ ಅದು ಪ್ರಸಿದ್ಧ. ಅದನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಹೊರಗಿಡುತ್ತಾರೆ. ನಾವು ಹೋದಾಗ ಇರಲಿಲ್ಲ. ದಿನ ನೋಡಿಕೊಂಡೇ ಟಿಕೆಟ್ ಮಾಡಿಸಿ.