ಅಕ್ಕನ ಕಳ್ಳಿ ಹಿಮದಲ್ಲಿ, ನನ್ನದು ಮಳೆಯಲ್ಲಿ

ಡಿಸೆಂಬರ್ ಬಂದರೆ ಬೆಳಗಾವಿಯಲ್ಲಿ ನಾವು 14 ಡಿಗ್ರಿಗೇ ಸ್ವೆಟರ್ ಹುಡುಕುತ್ತೇವೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಅಕ್ಕನ ಅಂಗಳದಲ್ಲಿ ಕೆಲವು ರಾತ್ರಿ ಮೈನಸ್ 25. ಅವಳ ಪಾಪಸುಕಳ್ಳಿ ಆಗಲೂ ಹೊರಗೇ ಇರುತ್ತದೆ. ಹೋದ ನವೆಂಬರ್‌ನಲ್ಲಿ ವಿಡಿಯೋ ಕಾಲ್ ಮಾಡಿ ತೋರಿಸಿದಳು. ಹಸಿರು ಹೋಗಿ ನೇರಳೆಗೆ ತಿರುಗಿ, ಸುಕ್ಕುಗಟ್ಟಿ, ಯಾರೋ ಮೇಲೆ ಕೂತು ಎದ್ದ ಹಾಗೆ ನೆಲಕ್ಕೆ ಒರಗಿತ್ತು. ಸತ್ತಿದೆ, ಕಿತ್ತು ಹಾಕು ಅಂದೆ.

"ಚಳಿಗೆ ಸಾಯಂಗಿಲ್ಲೋ ತಮ್ಮಾ, ನೀರಿಗೆ ಸಾಯ್ತಾವು."

ಸುಕ್ಕುಗಟ್ಟುವುದೇ ಅದರ ಉಪಾಯ. ಹಗಲು ಸಣ್ಣದಾದಂತೆ ಗಿಡ ಒಳಗಿನ ನೀರು ಇಳಿಸಿಕೊಳ್ಳುತ್ತದೆ, ಉಳಿದ ರಸದಲ್ಲಿ ಸಕ್ಕರೆ ಜಾಸ್ತಿಯಾಗುತ್ತದೆ. ಪಾಕ ಫ್ರೀಜರ್‌ನಲ್ಲಿಟ್ಟರೂ ನೀರಿನಷ್ಟು ಬೇಗ ಹೆಪ್ಪುಗಟ್ಟಲ್ಲ ಅಲ್ವಾ, ಹಾಗೆ. ಅದಕ್ಕೇ ಅಕ್ಕ ಆಗಸ್ಟ್‌ನಲ್ಲೇ ಗೊಬ್ಬರ ನಿಲ್ಲಿಸುತ್ತಾಳೆ, ಆಮೇಲೆ ನೀರನ್ನೂ. ಇಲ್ಲದಿದ್ದರೆ ಎಳೆ ಚಿಗುರು ಬಂದು ಮೊದಲ ಚಳಿಗೇ ಕರಗಿ ಹೋಗುತ್ತದೆ.

ಮಣ್ಣಿಗೆ ಅರ್ಧದಷ್ಟು ಸಣ್ಣ ಖಡಿ, ಜಾಗ ಸ್ವಲ್ಪ ಇಳಿಜಾರು. ಪ್ಲಾಸ್ಟಿಕ್ ಹಾಳೆ ಹೊದಿಸಲ್ಲ, ಒಳಗೆ ತೇವ ನಿಂತು ಕೊಳೆಯುತ್ತದೆ. ಹಿಮವೇ ಕಂಬಳಿ. ಅವಳಿಗೆ ಭಯ ಹಿಮದ್ದಲ್ಲ, ಮಾರ್ಚ್‌ದು: ಹಗಲು ಕರಗಿದ ನೀರು ಬೇರಿನ ಹತ್ತಿರ ನಿಂತು ರಾತ್ರಿ ಮತ್ತೆ ಗಡ್ಡೆಕಟ್ಟಿದರೆ ಮುಗಿಯಿತು. ಕುಂಡದಲ್ಲಿದ್ದರೆ ಇನ್ನೂ ಕಷ್ಟ, ಚಳಿ ನಾಲ್ಕೂ ಕಡೆಯಿಂದ ಬೇರಿಗೆ ಹೊಡೆಯುತ್ತದೆ. ಆಲ್ಪ್ಸ್ ಬೆಟ್ಟದ ಮೂಲದ ಸೆಂಪರ್ವೈವಮ್ ಅನ್ನೋ ದಪ್ಪ ಎಲೆಯ ಗಿಡ ಇದನ್ನೆಲ್ಲ ತಡೆಯುತ್ತದೆ. ನೋಡಲು ಅದರ ಹಾಗೇ ಇರುವ ಎಚೆವೇರಿಯಾ ಮೆಕ್ಸಿಕೋ ಕಡೆಯದು, ಅಕ್ಕನ ಅಂಗಳದಲ್ಲಿ ಹೊರಗಿಟ್ಟರೆ ಒಂದೇ ರಾತ್ರಿಗೆ ಬೆಂದ ಬದನೆಕಾಯಿ.

ನಾನು ಕೊಂದದ್ದೂ ಎಚೆವೇರಿಯಾನೇ, ಆದರೆ ಚಳಿಯಲ್ಲಿ ಅಲ್ಲ, ಜುಲೈಯಲ್ಲಿ! ನರ್ಸರಿಯವನು "ಬಿಸಿಲಿಗೆ ಇಡ್ರಿ, ಏನೂ ಆಗಲ್ಲ" ಅಂದಿದ್ದ, ನಾನು ಹನ್ನೊಂದು ಕುಂಡ ಮಾಳಿಗೆ ಮೇಲೆ ಸಾಲಾಗಿ ಜೋಡಿಸಿದೆ. ನಮ್ಮೂರಿನ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡಲ್ಲ. ಒಂದು ಬೆಳಿಗ್ಗೆ ಎಲೆ ಮುಟ್ಟಿದರೆ ಕೈಗೇ ಕಳಚಿ ಬಂತು, ಬುಡ ಕಪ್ಪಗೆ, ಲೋಳೆಲೋಳೆ. ಎಂಟು ಹೋದವು. ವಿಜಯಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅದೇ ಗಿಡ ಒಡೆದ ಬಕೆಟ್‌ನಲ್ಲಿ ಸುಮ್ನೆ ಬೆಳೆಯುತ್ತಿದೆ, ಅಲ್ಲಿ ಮಳೆಯೇ ಕಮ್ಮಿ.

ಈ ಸಲ ಮೇ ಕೊನೆಗೇ ತಗಡಿನ ಮಾಡು ಹಾಕಿಸಿದೆ, ಬದಿ ತೆರೆದೇ ಇದೆ. ಉಳಿದ ಮೂರು ಅದರ ಕೆಳಗಿವೆ. ಅಕ್ಕನ ಕಳ್ಳಿ ಏಪ್ರಿಲ್‌ನಲ್ಲಿ ಎದ್ದು ನಿಂತಿತಂತೆ, ಫೋಟೋ ಕಳಿಸಿದ್ದಾಳೆ, ಕೆಳಗೆ ನನಗೊಂದು ನಗುವ ಇಮೋಜಿ.