ಮಲೆನಾಡಿನ ಮನೆಗೆ ಯಾವ ಡ್ರೈವ್‌ನ ಗಾಡಿ?

ಕೊಪ್ಪ, ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯವರು ಹೊಸ ಗಾಡಿ ನೋಡುವಾಗ ಮೊದಲು ಕೇಳುವುದು ‘ಘಾಟಿ ಚೆನ್ನಾಗಿ ಹತ್ತುತ್ತಾ?’ ಎಂದು. ಹತ್ತುತ್ತದೆ. ಚಾರ್ಮಾಡಿ ಇರಲಿ, ಶಿರಾಡಿ ಇರಲಿ, ಸಂಪಾಜೆ ಇರಲಿ, ಡಾಂಬರೋ ಕಾಂಕ್ರೀಟೋ ಇರುವ ಘಾಟಿಯನ್ನು ಇವತ್ತು ಶೋರೂಮಿನಲ್ಲಿರುವ ಯಾವ ಕಾರೂ ಹತ್ತುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಲ್ಲಿ ಬೆಟ್ಟದ ಹೆದ್ದಾರಿಗೆ ಸಾಮಾನ್ಯವಾಗಿ 100 ಮೀಟರಿಗೆ 5–6 ಮೀಟರ್ ಏರು, ತೀರಾ ಅನಿವಾರ್ಯವಾದಲ್ಲಿ 7–8. ಹಳೆಯ ಘಾಟಿಗಳ ಹೇರ್‌ಪಿನ್ ತಿರುವಿನ ಒಳಮಗ್ಗುಲು ಇದಕ್ಕಿಂತ ಕಡಿದಾಗಿರುತ್ತದೆ, ಆದರೂ ಎರಡು ಚಕ್ರದ ಡ್ರೈವ್ (ಎಂಜಿನ್ ಶಕ್ತಿ ಮುಂದಿನ ಅಥವಾ ಹಿಂದಿನ ಎರಡೇ ಚಕ್ರಕ್ಕೆ ಹೋಗುವುದು) ಸಾಕು. ಗಾಡಿ ಸೋಲುವುದು ಟಾರ್ ರಸ್ತೆ ಬಿಟ್ಟು ಮನೆಗೋ ತೋಟಕ್ಕೋ ತಿರುಗಿದ ಮೇಲಿನ ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಅಲ್ಲಿ ಯಾವ ಮಾನದಂಡವೂ ಇಲ್ಲ. ಅಜ್ಜನ ಕಾಲದಲ್ಲಿ ಎತ್ತಿನಗಾಡಿಗೆ ಕಡಿದ ದಾರಿಗೆ ಆಮೇಲೆ ಜೆಸಿಬಿ ತಂದು ಅಗಲ ಮಾಡಿಸಿರುತ್ತಾರೆ, ಅಷ್ಟೇ.

ಹಾಗಾಗಿ ಗಾಡಿ ನೋಡುವ ಮೊದಲು ಆ ಏರನ್ನು ಅಳೆಯಿರಿ. ಕಣ್ಣಂದಾಜು ಬೇಡ, ಕಣ್ಣಿಗೆ ಎಲ್ಲ ಏರೂ ಇರುವುದಕ್ಕಿಂತ ಕಡಿದಾಗಿಯೇ ಕಾಣುತ್ತದೆ. ಸರಿಯಾಗಿ ಒಂದು ಮೀಟರ್ ಉದ್ದದ ನೇರ ರೀಪು, ಗಾರೆ ಕೆಲಸದವರ ಮಟ್ಟಗೋಲು, ಒಂದು ಟೇಪು ಸಾಕು. ರೀಪಿನ ಒಂದು ತುದಿಯನ್ನು ಮೇಲ್ಗಡೆ ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಗುಳ್ಳೆ ನಡುವೆ ಬರುವವರೆಗೂ ಎತ್ತಿ. ಎತ್ತಿದ ತುದಿಯಿಂದ ನೆಲಕ್ಕೆ 20 ಸೆಂಟಿಮೀಟರ್ ಇದ್ದರೆ ಅದು ಐದಕ್ಕೊಂದು ಏರು, 25 ಇದ್ದರೆ ನಾಲ್ಕಕ್ಕೊಂದು. ಅತಿ ಕಡಿದಾದ ಜಾಗದಲ್ಲಿ ಮೂರು ನಾಲ್ಕು ಕಡೆ ಅಳೆಯಿರಿ. ಫೋನಿನಲ್ಲಿ ಅಳೆಯುವವರು ಗಮನಿಸಬೇಕಾದ್ದು: ಅದು ತೋರಿಸುವುದು ಡಿಗ್ರಿ. ಐದಕ್ಕೊಂದು ಎಂದರೆ ಸುಮಾರು 11 ಡಿಗ್ರಿ, ನಾಲ್ಕಕ್ಕೊಂದು ಎಂದರೆ 14.

ಈಗ ಲೆಕ್ಕ. ಹೊರೆ ಸೇರಿ 1,300 ಕೆಜಿ ತೂಗುವ ಒಂದು ಮಾಮೂಲಿ ಕಾರನ್ನು ತೆಗೆದುಕೊಳ್ಳೋಣ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದಾಗ ಮಟ್ಟದ ನೆಲದಲ್ಲಿ ಮುಂದಿನ, ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚುಕಡಿಮೆ ಸಮ. ಐದಕ್ಕೊಂದು ಏರಿಗೆ ನಿಂತಾಗ ಭಾರ ಹಿಂದಕ್ಕೆ ಜಾರುತ್ತದೆ: ಮುಂದೆ ಸುಮಾರು 580 ಕೆಜಿ, ಹಿಂದೆ 690. ಈ ಏರಿನಲ್ಲಿ ಗಾಡಿಯನ್ನು ಮೇಲಕ್ಕೆ ತಳ್ಳಲು ಬೇಕಾದ ಬಲ ಸುಮಾರು 255 ಕೆಜಿ. ನೆನೆದ ಮಣ್ಣಿನಲ್ಲಿ ಟೈರಿಗೆ ಸಿಗುವ ಹಿಡಿತ, ಅದರ ಮೇಲಿರುವ ಭಾರದ ನೂರಕ್ಕೆ 40ರಷ್ಟು ಎಂದಿಟ್ಟುಕೊಳ್ಳಿ. ಫ್ರಂಟ್ ವೀಲ್ ಡ್ರೈವ್‌ಗೆ ಸಿಗುವುದು 232. ಹತ್ತುವುದಿಲ್ಲ. ರಿಯರ್ ವೀಲ್ ಡ್ರೈವ್‌ಗೆ 276, ತಿಣುಕಿಕೊಂಡು ಹತ್ತುತ್ತದೆ. ನಾಲ್ಕೂ ಚಕ್ರಕ್ಕೆ ಡ್ರೈವ್ ಇದ್ದರೆ 508, ಬೇಕಾದ್ದರ ಸುಮಾರು ಎರಡು ಪಟ್ಟು. ಎಂಜಿನ್ ಎಷ್ಟು ಸಿಸಿ, ಎಷ್ಟು ಬಿಎಚ್‌ಪಿ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ.

ಅದೇ ಏರಿಗೆ ಡ್ರೈವರ್ ಒಬ್ಬನೇ ಹೋದರೆ ಕತೆ ತಿರುಗುಮುರುಗು. ಖಾಲಿ ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಡ್ರೈವ್ ಚಕ್ರದ ಮೇಲೇ ಕೂತಿರುತ್ತವೆ, ನೂರಕ್ಕೆ 60ರಷ್ಟು ಭಾರ ಮುಂದೆ. ಅದು ಹತ್ತುತ್ತದೆ. ಹಿಂದಿನ ಚಕ್ರದ ಡ್ರೈವ್ ಇರುವ ಖಾಲಿ ಪಿಕಪ್‌ಗೆ ಹಿಂದೆ ಭಾರವೇ ಇಲ್ಲದೆ ಅಲ್ಲೇ ಚಕ್ರ ಸುತ್ತುತ್ತದೆ. ‘ಆಲ್ಟೋ ಹತ್ತಿದ ಕಡೆ ಪಿಕಪ್ ಹತ್ತಲಿಲ್ಲ’ ಅನ್ನುವ ಮಾತು ಊರೂರಲ್ಲಿ ಕೇಳಿಬರುವುದು ಇದಕ್ಕೇ. ಪರಿಹಾರವೂ ಲೆಕ್ಕದಲ್ಲೇ ಇದೆ. ಖಾಲಿ ಪಿಕಪ್‌ಗೆ ಮಳೆಗಾಲವಿಡೀ ಹಿಂದಿನ ಅಚ್ಚಿನ ನೇರ ಮೇಲೆ 50 ಕೆಜಿಯ ಎರಡು ಮರಳು ಮೂಟೆ ಹಾಕಿ ಬಿಗಿಯಾಗಿ ಕಟ್ಟಿ. ತೀರಾ ಹಿಂಬಾಗಿಲ ಹತ್ತಿರ ಹಾಕಿದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ತುಂಬಿದ ಫ್ರಂಟ್ ವೀಲ್ ಡ್ರೈವ್ ಕಾರು ಹತ್ತದಿದ್ದರೆ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿ. ಆಗ ಡ್ರೈವ್ ಚಕ್ರ ಇಳಿಜಾರಿನ ಕೆಳಗಡೆಗೆ ಬಂದು ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ನೋಡುವವರಿಗೆ ತಮಾಷೆ ಎನಿಸಬಹುದು, ಕೆಲಸ ಮಾತ್ರ ಆಗುತ್ತದೆ. ನೇರ ದಾರಿಗೆ ಮಾತ್ರ ಇದು. ಪಕ್ಕದಲ್ಲಿ ಚರಂಡಿ ಇರುವ ತಿರುವಿನಲ್ಲಿ ಮಾಡಬೇಡಿ.

ಕೊಳ್ಳುವಾಗ ಯಾವುದಕ್ಕೆ ಯಾವ ಡ್ರೈವ್ ಎಂದು ಕೇಳಿಯೇ ತಿಳಿದುಕೊಳ್ಳಬೇಕು, ನೋಟಕ್ಕೆ ಗೊತ್ತಾಗುವುದಿಲ್ಲ. ಎರ್ಟಿಗಾ ಮುಂದಿನದು, ಈಕೋ ಹಿಂದಿನದು. ಇನ್ನೋವಾ ಕ್ರಿಸ್ಟಾ ಹಿಂದಿನದು, ಹೈಕ್ರಾಸ್ ಮುಂದಿನದು. ಹೆಸರು ಒಂದೇ ಎಂದು ಬದಲಾಯಿಸಿದವರಿಗೆ ತೋಟದ ಏರಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಎತ್ತರಕ್ಕೆ, ದಪ್ಪ ಟೈರಿಗೆ ಮರುಳಾಗಿ ಕೊಳ್ಳುವ ಎಸ್‌ಯುವಿಗಳಲ್ಲಿ ಬಹುಪಾಲು ಫ್ರಂಟ್ ವೀಲ್ ಡ್ರೈವ್‌ಗಳೇ. ಥಾರ್‌ನಲ್ಲೂ 2023ರಿಂದ ಹಿಂದಿನ ಚಕ್ರದ ಡ್ರೈವ್ ಮಾತ್ರ ಇರುವ ಮಾದರಿ ಇದೆ. ಥಾರ್ ಅಂದಮಾತ್ರಕ್ಕೆ ಫೋರ್ ಬೈ ಫೋರ್ ಎಂದುಕೊಳ್ಳಬೇಡಿ.

ನಾಲ್ಕು ಚಕ್ರದ ಡ್ರೈವ್‌ನಲ್ಲೂ ಎರಡು ಜಾತಿ. ಜಿಮ್ನಿ, ಥಾರ್ ಫೋರ್ ಬೈ ಫೋರ್, ಗೂರ್ಖಾ, ಹಳೆಯ ಜಿಪ್ಸಿ ಮತ್ತು ಜೀಪುಗಳದ್ದು ಪಾರ್ಟ್‌ಟೈಮ್: ಡ್ರೈವರ್ ಲಿವರನ್ನೋ ನಾಬನ್ನೋ 4Hಗೆ (ನಾಲ್ಕು ಚಕ್ರದ ಡ್ರೈವ್, ಮಾಮೂಲಿ ವೇಗ) ಹಾಕಿದಾಗ ಮಾತ್ರ ಮುಂದಿನ ಚಕ್ರಕ್ಕೂ ಶಕ್ತಿ ಹೋಗುತ್ತದೆ. ಆಗ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು ಒಂದಕ್ಕೊಂದು ಬೆಸೆದ ಹಾಗೆ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೊಡೆಯುತ್ತವೆ. ಮಣ್ಣಿನಲ್ಲಾದರೆ ಟೈರು ಸ್ವಲ್ಪ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಆ ಬಿಗಿತವೆಲ್ಲ ಶಾಫ್ಟು, ಜಾಯಿಂಟು, ಗೇರುಗಳ ಮೇಲೆ ಕೂರುತ್ತದೆ. ಸ್ಟಿಯರಿಂಗ್ ಗಡಸಾಗುತ್ತದೆ, ಹೇರ್‌ಪಿನ್‌ನಲ್ಲಿ ಗಾಡಿ ಕುಪ್ಪಳಿಸುತ್ತದೆ, ಕೊನೆಗೆ ಲಿವರ್ 2Hಗೆ (ಎರಡು ಚಕ್ರದ ಡ್ರೈವ್‌ಗೆ) ಬರುವುದೇ ಇಲ್ಲ. ಬಲವಂತ ಮಾಡಬೇಡಿ. ಸ್ಟಿಯರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ರಿವರ್ಸ್ ಹೋಗಿ, ಬಿಗಿತ ಬಿಚ್ಚಿಕೊಂಡು ಲಿವರ್ ತಾನೇ ಸಡಿಲವಾಗುತ್ತದೆ. ಘಾಟಿಯಲ್ಲಿ ಮಳೆ ಬಂತೆಂದು 4H ಹಾಕಿ ಓಡಿಸುವವರಿದ್ದಾರೆ. ಒದ್ದೆ ಟಾರಿಗೂ ಅದು ಬೇಡ. ಬಿಗಿದ ಸ್ಥಿತಿಯಲ್ಲಿ ತಿರುವಿಗೆ ಬಂದ ಗಾಡಿ ನೇರಕ್ಕೇ ಎಳೆಯುತ್ತದೆ.

ಇನ್ನೊಂದು ಜಾತಿ ಆಲ್ ವೀಲ್ ಡ್ರೈವ್: ಹಳೆಯ ಡಸ್ಟರ್‌ನ ಎಡಬ್ಲ್ಯುಡಿ, ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಈ ಸಾಲಿನವು. ಮುಂದಿನ ಚಕ್ರ ಜಾರಿದರೆ ನಡುವಿನ ಕಪ್ಲಿಂಗ್ ಬಿಗಿದು ಹಿಂದಕ್ಕೂ ಶಕ್ತಿ ಕಳಿಸುತ್ತದೆ, ಡ್ರೈವರ್ ಏನೂ ಮಾಡಬೇಕಿಲ್ಲ. ದಿನಾ ಟಾರಿನಲ್ಲೇ ಹೆಚ್ಚು ಓಡಿಸಿ, ಕೊನೆಯಲ್ಲಿ ಇನ್ನೂರು ಮುನ್ನೂರು ಮೀಟರ್ ಕೆಸರು ದಾಟಬೇಕಾದವರಿಗೆ ನನ್ನ ಪ್ರಕಾರ ಇದೇ ಸರಿಯಾದದ್ದು. ಮಿತಿಗಳೂ ಇವೆ. ಲೋ ರೇಂಜ್ (ಗಾಡಿ ನಿಧಾನ ಚಲಿಸಿ ಚಕ್ರಕ್ಕೆ ಹೆಚ್ಚು ಬಲ ಸಿಗುವ ಗೇರು) ಇಲ್ಲ. ಕೆಸರಿನಲ್ಲಿ ಹೂತು ಐದು ನಿಮಿಷ ಚಕ್ರ ಸುತ್ತಿಸಿದರೆ ಕಪ್ಲಿಂಗ್ ಕಾದು ತಾನೇ ಬಿಟ್ಟುಕೊಡುತ್ತದೆ; ತಣಿಯುವವರೆಗೆ ಅದು ಬರಿಯ ಫ್ರಂಟ್ ವೀಲ್ ಡ್ರೈವ್. ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತ ಇರಬೇಕು. ಮೂರು ಸವೆದ ಟೈರಿನ ಜತೆ ಒಂದು ಹೊಸದು ಹಾಕಿದರೆ ಸುತ್ತಳತೆ ಬೇರೆಯಾಗಿ ಕಪ್ಲಿಂಗ್ ಸುಮ್ಮಸುಮ್ಮನೆ ದುಡಿಯುತ್ತಿರುತ್ತದೆ.

ಫೋರ್ ಬೈ ಫೋರ್ ಇದ್ದೂ ನಿಂತುಬಿಟ್ಟ ಗಾಡಿಗಳನ್ನು ನೋಡಿದರೆ ಹೆಚ್ಚಿನವುಗಳ ಒಂದು ಮುಂದಿನ ಚಕ್ರ, ಕರ್ಣದ ಇನ್ನೊಂದು ಹಿಂದಿನ ಚಕ್ರ ಗಾಳಿಯಲ್ಲೋ ಕೆಸರಲ್ಲೋ ಸುತ್ತುತ್ತಿರುತ್ತವೆ. ಸಾದಾ ಡಿಫರೆನ್ಶಿಯಲ್ (ಅಚ್ಚಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರು) ಸುಲಭದ ಕಡೆಗೇ ಶಕ್ತಿ ಬಿಡುತ್ತದೆ. ಗೂರ್ಖಾದಲ್ಲಿ ಎರಡು ಚಕ್ರವನ್ನೂ ಒಂದೇ ವೇಗಕ್ಕೆ ಬಿಗಿಯುವ ಲಾಕ್ ಎರಡೂ ಅಚ್ಚಿಗೆ ಇದೆ. ಜಿಮ್ನಿಯಲ್ಲಿ ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಏನೂ ಇಲ್ಲದ ಹಳೆಯ ರಿಯರ್ ವೀಲ್ ಡ್ರೈವ್ ಗಾಡಿಯಲ್ಲಿ ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ನಿಧಾನ ಕ್ಲಚ್ ಬಿಡಿ. ಸುತ್ತುವ ಚಕ್ರಕ್ಕೆ ತಡೆ ಬಿದ್ದು ನಿಂತ ಚಕ್ರಕ್ಕೂ ಸ್ವಲ್ಪ ಶಕ್ತಿ ಹೋಗುತ್ತದೆ. ಫ್ರಂಟ್ ವೀಲ್ ಡ್ರೈವ್‌ಗೆ ಈ ಉಪಾಯ ನಡೆಯದು, ಹ್ಯಾಂಡ್‌ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ. ಹೊಸ ಕಾರುಗಳಲ್ಲಿ ಕೆಸರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಏರದೆ ಉಸಿರುಕಟ್ಟಿದಂತಾದರೆ ಅದು ಟ್ರಾಕ್ಷನ್ ಕಂಟ್ರೋಲ್ ಶಕ್ತಿ ಕಡಿಮೆ ಮಾಡುತ್ತಿರುವುದು. ಆ ಏರಿಗೆ ಮಾತ್ರ ಅದರ ಬಟನ್ ಒತ್ತಿ ಆಫ್ ಮಾಡಿ, ಟಾರಿಗೆ ಬಂದ ಕೂಡಲೇ ಆನ್ ಮಾಡಿ.

ಲೋ ರೇಂಜ್ ಹತ್ತುವುದಕ್ಕೆ ಎಂದೇ ಎಲ್ಲರೂ ತಿಳಿದಿದ್ದಾರೆ. ಇಳಿಯುವಾಗ ಅದರ ಉಪಯೋಗ ಇನ್ನೂ ದೊಡ್ಡದು. ಜಿಮ್ನಿಯಲ್ಲಿ ಅದು ಗೇರನ್ನು ಎರಡು ಪಟ್ಟು ತಗ್ಗಿಸುತ್ತದೆ. 4Lನ (ನಾಲ್ಕು ಚಕ್ರ, ಲೋ ರೇಂಜ್) ಮೊದಲ ಗೇರಿನಲ್ಲಿ ಬ್ರೇಕ್ ಮುಟ್ಟದೆ ನಡಿಗೆಯ ವೇಗದಲ್ಲಿ ಇಳಿಯಬಹುದು. ನೆನೆದ ಜಂಬಿಟ್ಟಿಗೆ ಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ತುಳಿದು ಚಕ್ರ ನಿಂತರೆ ಗಾಡಿ ಜಾರುಬಂಡೆಯೇ. ಎಬಿಎಸ್ ಇದ್ದರೂ ಅಲ್ಲಿ ನಿಲ್ಲುವ ದೂರ ಉದ್ದವೇ. ಚಕ್ರ ತಿರುಗುತ್ತಿದ್ದರೆ ತಾನೇ ಸ್ಟಿಯರಿಂಗ್ ಕೆಲಸ ಮಾಡುವುದು.

ಗೇರ್‌ಬಾಕ್ಸಿನ ಮಾತು ಡ್ರೈವ್‌ನಷ್ಟೇ ಮುಖ್ಯ. ಮ್ಯಾನ್ಯುಯಲ್ ಬಿಟ್ಟರೆ ಬೆಟ್ಟಕ್ಕೆ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲೇ ಕ್ಲಚ್, ಗೇರನ್ನು ಯಂತ್ರವೇ ಹಾಕುವ ಬಗೆ) ತಿರುವಿನ ನಡುವೆ ಗೇರ್ ಬದಲಿಸಲು ಹೋಗಿ ಒಂದು ಕ್ಷಣ ಶಕ್ತಿ ಬಿಡುತ್ತದೆ. ಘಾಟಿಯಲ್ಲಿ ಅದನ್ನು ಮ್ಯಾನ್ಯುಯಲ್ ಮೋಡ್‌ನಲ್ಲೇ ಇಡಿ. ಡ್ರೈ ಕ್ಲಚ್‌ನ ಡಿಸಿಟಿಗೆ (ಎರಡು ಕ್ಲಚ್‌ನ ಆಟೋಮ್ಯಾಟಿಕ್) ಲಾರಿ ಸಾಲಿನ ಹಿಂದೆ ಇಂಚಿಂಚು ಹತ್ತುವುದೇ ಕಷ್ಟ. ಆಕ್ಸಿಲರೇಟರಿನಲ್ಲೇ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದರೆ ಕ್ಲಚ್ ಕಾದು ಎಚ್ಚರಿಕೆ ದೀಪ ಹತ್ತುತ್ತದೆ. ಬ್ರೇಕ್ ಹಿಡಿದು ನಿಲ್ಲಿ, ಮುಂದಿನ ಗಾಡಿ ಎರಡು ಗಾಡಿಯುದ್ದ ಹೋದ ಮೇಲೆ ಹೊರಡಿ. ಬ್ರೇಕ್ ಬಿಟ್ಟ ಮೇಲೂ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಎರಡು ಮೂರು ಸೆಕೆಂಡು ಮಾತ್ರ, ಅದನ್ನು ನಂಬಿ ಕೂರಬೇಡಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿಯಲ್ಲಿ ಸಣ್ಣ ಕಾರು ಮಂಕಾದಂತೆ ಅನಿಸುವುದು ಇದರಿಂದ, ರಿಪೇರಿ ಬೇಕಿಲ್ಲ.

ಎಲೆಕ್ಟ್ರಿಕ್ ಕಾರು ಘಾಟಿಗೆ ಚೆನ್ನ. ಇಳಿಯುವಾಗ ಮೋಟರೇ ಬ್ರೇಕ್ ಹಾಕಿ ಬ್ಯಾಟರಿಗೆ ಸ್ವಲ್ಪ ಚಾರ್ಜ್ ತುಂಬುತ್ತದೆ. ಆದರೆ ಮನೆ ಮೇಲಿದ್ದು ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಗ್ಗೆ ಇಳಿದರೆ ಬ್ಯಾಟರಿಯಲ್ಲಿ ಜಾಗವಿಲ್ಲದೆ ಆ ಬ್ರೇಕು ಸಿಗುವುದಿಲ್ಲ. 85ಕ್ಕೆ ನಿಲ್ಲಿಸಿ.

ಟೈರಿಗೆ ಖರ್ಚು ಮಾಡದವರು ಡ್ರೈವ್‌ಗೆ ಮಾಡಿದ ಖರ್ಚು ದಂಡ. ಕಾನೂನಿನಲ್ಲಿ ಹಲ್ಲು 1.6 ಮಿಲಿಮೀಟರ್ ಇದ್ದರೆ ಸಾಕು. ಮಲೆನಾಡಿನ ಮಳೆಗೆ 3ಕ್ಕೆ ಬಂದಾಗಲೇ ಬದಲಿಸಿ. ಕೆಸರಿನ ಏರಿಗೆ 32 ಪಿಎಸ್‌ಐ ಇರುವ ಗಾಳಿಯನ್ನು 24ಕ್ಕೆ ಇಳಿಸಿದರೆ ಟೈರು ಅಗಲವಾಗಿ ಕಚ್ಚುತ್ತದೆ. ಟಾರಿಗೆ ಬರುವ ಮೊದಲು ಮತ್ತೆ ತುಂಬಲು 12 ವೋಲ್ಟಿನ ಪಂಪು ಜತೆಗಿರಲಿ. ಚೈನ್ ಕಟ್ಟುವವರು ಡ್ರೈವ್ ಚಕ್ರಕ್ಕೇ ಕಟ್ಟಬೇಕು: ಎರ್ಟಿಗಾಕ್ಕೆ ಮುಂದೆ, ಬೊಲೆರೊಗೆ ಹಿಂದೆ. ಟಾರಿನಲ್ಲಿ ಬಿಚ್ಚಲೇಬೇಕು.

ಅಳತೆ ಹೇಳುವ ಪ್ರಕಾರ ಆರಿಸುವುದಾದರೆ: ಮನೆವರೆಗೂ ಟಾರೋ ಕಾಂಕ್ರೀಟೋ ಇದ್ದರೆ ಫ್ರಂಟ್ ವೀಲ್ ಡ್ರೈವ್, ಉಳಿದ ದುಡ್ಡು ಟೈರಿಗೆ. ಮಣ್ಣು ರಸ್ತೆ, ಹತ್ತಕ್ಕೊಂದರ ಒಳಗಿನ ಏರಾದರೂ ಅದೇ ನಡೆಯುತ್ತದೆ. ಹತ್ತರಿಂದ ಆರಕ್ಕೊಂದರವರೆಗೆ, ದಿನಾ ಹೊರೆ ಇದ್ದರೆ ರಿಯರ್ ವೀಲ್ ಡ್ರೈವ್. ಹೊರೆ ಇಲ್ಲದ ಕುಟುಂಬದ ಕಾರಾದರೆ ಆಲ್ ವೀಲ್ ಡ್ರೈವ್. ಆರಕ್ಕೊಂದು ದಾಟಿದ ಮಣ್ಣಿನ ಏರಿಗೆ ಲೋ ರೇಂಜ್ ಇರುವ ಫೋರ್ ಬೈ ಫೋರ್. ಕಡಿದಾದ ಜಾಗ 30–40 ಮೀಟರ್ ಮಾತ್ರ ಇದ್ದರೆ ಗಾಡಿಗಿಂತ ಮೊದಲು ಕಾಂಕ್ರೀಟಿನ ಲೆಕ್ಕ ಹಾಕಿ. ಚಕ್ರ ಹೋಗುವ ಎರಡು ಪಟ್ಟಿಗಳಿಗೆ ಮಾತ್ರ, ತಲಾ ಎರಡಡಿ ಅಗಲ, ಐದಿಂಚು ದಪ್ಪ, ಮೇಲೆ ಅಡ್ಡಗೀರು ಎಳೆಸಿ. ನುಣುಪಾಗಿ ಬಿಟ್ಟರೆ ಆಷಾಢಕ್ಕೆ ಪಾಚಿ ಕಟ್ಟುತ್ತದೆ.

ಫೋರ್ ಬೈ ಫೋರ್ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ಕೆಳಗೆ ಬಗ್ಗಿ ನೋಡಿ. ಹಳೆಯ ಜೀಪುಗಳಲ್ಲಿ ಮೈಲೇಜಿಗೆಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಇಟ್ಟಿರುತ್ತಾರೆ. ಮಣ್ಣಿನ ಮೇಲೆ 4H, 4L ಎರಡನ್ನೂ ಹಾಕಿ ಓಡಿಸಿ, ಗೇರ್ ಹಾರುತ್ತದೆಯೇ ನೋಡಿ. ಮುಂದಿನ ಮತ್ತು ಹಿಂದಿನ ಡಿಫರೆನ್ಶಿಯಲ್ ಹೌಸಿಂಗಿನ ಫಿಲ್ಲರ್ ಬೋಲ್ಟ್ ಬಿಚ್ಚಿಸಿ ಬೆರಳಿಟ್ಟು ಎಣ್ಣೆ ತೆಗೆಯಿರಿ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಹೊಕ್ಕಿದೆ, ಬ್ರೀದರ್ ಪೈಪು (ಒಳಗಿನ ಗಾಳಿ ಆಡುವ ಕೊಳವೆ) ಕಟ್ಟಿರುತ್ತದೆ ಅಥವಾ ಕಿತ್ತುಹೋಗಿರುತ್ತದೆ; ಬೇರಿಂಗು, ಕ್ರೌನ್ ಪಿನಿಯನ್ ಎರಡರ ಖರ್ಚನ್ನೂ ಬೆಲೆಯಲ್ಲಿ ಕಳೆದೇ ಮಾತಾಡಿ.