ಚಾಮಯ್ಯ ಮೇಷ್ಟ್ರು ವಿಲನ್ನಾ?

ನಮ್ಮ ಗುಂಪಿನಲ್ಲಿ ಒಬ್ಬರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರಿದ್ದಾರೆ. ಅವರೆದುರು ಯಾರ ಬಗ್ಗೆ ಏನು ಬೇಕಾದರೂ ಆಡಬಹುದು, ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರ ಬಗ್ಗೆ ಮಾತ್ರ ಎರಡು ಮಾತು ಆಡೋ ಹಾಗಿಲ್ಲ. ಮೊನ್ನೆ ಆ ಧೈರ್ಯ ಮಾಡಿದವನು ನಮ್ಮಲ್ಲೆಲ್ಲ ಚಿಕ್ಕವನು, ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗ. “ಸಾರ್, ಬೇಜಾರ್ ಮಾಡ್ಕೋಬೇಡಿ. ಆ ಪಿಚ್ಚರಲ್ಲಿ ವಿಲನ್ ಅಂತ ಯಾರಾದ್ರೂ ಇದ್ರೆ ಅದು ಚಾಮಯ್ಯ ಮೇಷ್ಟ್ರೇ” ಅಂದುಬಿಟ್ಟ.

ನಂದು ಶಿವಮೊಗ್ಗದಲ್ಲಿ ಕೋರ್ಟಿನ ಹತ್ತಿರ ಜೆರಾಕ್ಸ್ ಅಂಗಡಿ. ಸಂಜೆ ಅಫಿಡವಿಟ್ಟು, ವಕಾಲತ್ತುಗಳ ಗಲಾಟೆ ಮುಗಿದು ಮೆಷಿನ್ನಿಗೆ ಬಟ್ಟೆ ಹೊದಿಸಿದ ಮೇಲೆ ಇವರೆಲ್ಲ ಬಂದು ಸೇರುತ್ತಾರೆ. ಮೇಷ್ಟ್ರು, ಈ ಹುಡುಗ, ಕೇಸಿಲ್ಲದ ದಿನವೂ ಕರಿ ಕೋಟು ಬಿಚ್ಚದ ಒಬ್ಬ ವಕೀಲ, ಮೆಡಿಕಲ್ ಶಾಪ್ ನಡೆಸುವ ನನ್ನ ಕಾಲೇಜು ಗೆಳತಿ. ಟೀ ಎದುರುಗಡೆ ಗಾಡಿಯಿಂದ ಬರುತ್ತದೆ. ಸಿನಿಮಾ ಬಿಟ್ಟು ಬೇರೆ ಮಾತಾಡಬಾರದು ಅಂತೇನೂ ಇಲ್ಲ, ಆದರೆ ಬೇರೆ ಮಾತು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹುಡುಗ ಹೇಳಿದ್ದರಲ್ಲಿ ಹುರುಳಿತ್ತು. ರಾಮಾಚಾರಿ ಅಲಮೇಲುವನ್ನು ಪ್ರೀತಿಸಿದ, ಮೇಷ್ಟ್ರು ಬಂದು ಬಿಡು ಅಂದರು, ಗುರುವಿನ ಮಾತು ಅಂತ ಬಿಟ್ಟ. ಆಮೇಲೆ ಅಲಮೇಲು ಎಂಥ ಸ್ಥಿತಿಯಲ್ಲಿ ಸಿಕ್ಕಳು ಅಂತ ಚಿತ್ರ ನೋಡಿದ ಎಲ್ಲರಿಗೂ ಗೊತ್ತು. ಮತ್ತೆ ಮಾರ್ಗರೆಟ್ಟಳನ್ನು ಪ್ರೀತಿಸಿದ, ಮತ್ತೆ ಮೇಷ್ಟ್ರು ಬೆಟ್ಟ ಹತ್ತಿ ಬಂದರು. ಕೊನೆಗೆ ಮೂರು ಜೀವ ಹೋಯಿತು. “ಒಂದ್ಸಲ ಆದ್ರೆ ತಪ್ಪು ಸಾರ್, ಎರಡನೇ ಸಲ?” ಅಂತ ಅವನ ಪ್ರಶ್ನೆ. ನಾನು ಬಾಯಿ ಹಾಕಿ, ಈ ಇಡೀ ವ್ಯವಹಾರದಲ್ಲಿ ಅಲಮೇಲುಗೆ ಏನು ಬೇಕು ಅಂತ ಗುರುನೂ ಕೇಳಲಿಲ್ಲ, ಶಿಷ್ಯನೂ ಕೇಳಲಿಲ್ಲ ಅಂದೆ. ಅವಳ ಬಾಳನ್ನು ಇಬ್ಬರು ಗಂಡಸರು ಕೂತು ತೀರ್ಮಾನ ಮಾಡಿದರು, ನಾವು ಅದಕ್ಕೆ ತ್ಯಾಗ ಅಂತ ಹೆಸರಿಟ್ಟು ಐವತ್ತು ವರ್ಷ ಕಣ್ಣೀರು ಹಾಕಿದೆವು.

ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. ಅವರು ಆ ಚಿತ್ರ ನೋಡಿದ್ದು 1972ರಲ್ಲಿ, ವಿದ್ಯಾರ್ಥಿಯಾಗಿದ್ದಾಗ. ಊರೆಲ್ಲ ಪೋಲಿ ಅಂತ ತಳ್ಳಿದ ಹುಡುಗನಲ್ಲಿ ಒಳ್ಳೆಯದನ್ನು ಕಂಡ ಒಬ್ಬನೇ ಮನುಷ್ಯ ಚಾಮಯ್ಯ, ಮಕ್ಕಳಿಲ್ಲದ ಆ ಗಂಡ ಹೆಂಡತಿಗೆ ರಾಮಾಚಾರಿಯೇ ಮಗ. ಅಂಥವರನ್ನು ಇವತ್ತಿನ ತಕ್ಕಡಿಯಲ್ಲಿ ತೂಗಬೇಡಿ ಅನ್ನುವುದು ಅವರ ವಾದ. ಹುಡುಗ ನೋಡಿದ್ದು 2018ರಲ್ಲಿ, ಅದನ್ನು ಹೊಸ ಸೌಂಡಿನೊಂದಿಗೆ ಮತ್ತೆ ಥಿಯೇಟರಿಗೆ ಬಿಟ್ಟಾಗ. ಅವನ ಮಟ್ಟಿಗೆ ಅದು ಆ ವಾರ ಬಂದ ಹೊಸ ಸಿನಿಮಾ. ರಾಮಾಚಾರಿ ಅವನಿಗೆ ವಿಷ್ಣುವರ್ಧನ್ ಆಗಿ ಕಾಣಲಿಲ್ಲ, ಯಾರ ಮಾತಿಗೋ ಬಲಿಬಿದ್ದ ಒಬ್ಬ ಹುಡುಗನಾಗಿ ಕಂಡ.

ವಕೀಲರು ಸಾಕ್ಷಿ ತಂದರು: ಕಾದಂಬರಿಕಾರ ತ.ರಾ.ಸು. ಅವರಿಗೇ ಈ ಚಿತ್ರ ಹಿಡಿಸಿರಲಿಲ್ಲ, ನಿರ್ದೇಶಕ ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದಿದ್ದರು ಅನ್ನುವ ಮಾತು ಚಾಲ್ತಿಯಲ್ಲಿದೆಯಲ್ಲ, ಅದು. ಅದನ್ನು ಯಾರ ಪರವಾಗಿ ತಂದರೋ ಅವರಿಗೇ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ಮೇಷ್ಟ್ರು ಬಂದು, ಯೋಚನೆ ಮಾಡಿದೆ, ತಪ್ಪು ಚಾಮಯ್ಯಂದೇ ಇರಬಹುದು, ಆದರೆ ಅಶ್ವತ್ಥ್ ಅವರದ್ದಲ್ಲ ಅಂದರು. ನಕ್ಕುಬಿಟ್ಟೆವು. ಆದರೆ ಅದು ನಗುವ ಮಾತಷ್ಟೇ ಅಲ್ಲ. ಕೆ.ಎಸ್. ಅಶ್ವತ್ಥ್ ಆ ಪಾತ್ರಕ್ಕೆ ಅಷ್ಟು ಮಮತೆ ತುಂಬಿರದಿದ್ದರೆ ನಾವು ಇಷ್ಟು ವರ್ಷ ಮೋಸ ಹೋಗುತ್ತಲೇ ಇರಲಿಲ್ಲ.

ಕ್ಲಾಸಿಕ್ ಅಂದರೆ ನನಗೆ ಇದು: ಇಷ್ಟು ವರ್ಷವಾದರೂ ಕೂತು ಜಗಳ ಆಡಿಸುವ ಸಿನಿಮಾ. ‘ಸಂಸ್ಕಾರ’, ‘ಘಟಶ್ರಾದ್ಧ’ ಅಂದ ಕೂಡಲೇ ಎಲ್ಲರೂ ತಲೆದೂಗಿ ಮುಂದಿನ ವಿಷಯಕ್ಕೆ ಹೋಗುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದರಲ್ಲೂ ನಮ್ಮ ಜಿಲ್ಲೆಯವರಿಗೆ ಹೆಮ್ಮೆ ಬೇರೆ: ಎರಡರ ಕಥೆ ಬರೆದ ಅನಂತಮೂರ್ತಿಯವರೂ ತೀರ್ಥಹಳ್ಳಿ ಕಡೆಯವರು, ‘ಘಟಶ್ರಾದ್ಧ’ ನಿರ್ದೇಶಿಸಿದ ಕಾಸರವಳ್ಳಿಯವರೂ ತೀರ್ಥಹಳ್ಳಿ ಕಡೆಯವರು. ಹೆಮ್ಮೆಪಡುವುದಕ್ಕೆ ಸಿನಿಮಾ ನೋಡಲೇಬೇಕಂತೇನಿಲ್ಲವಲ್ಲ! 2024ರಲ್ಲಿ ‘ಘಟಶ್ರಾದ್ಧ’ದ ಹೊಸದಾಗಿ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡ ಸುದ್ದಿ ಬಂದಾಗ ವಕೀಲರು ವಾಟ್ಸಾಪಿನಲ್ಲಿ ಚಪ್ಪಾಳೆ ತಟ್ಟಿದರು. ನೀವು ನೋಡಿದ್ದೀರಾ ಅಂತ ಕೇಳಿದೆ. ನೋಡಿರಲಿಲ್ಲ. ಹಿಡಿದು ಕೂರಿಸಿ ತೋರಿಸಿದೆವು. ಗರ್ಭಿಣಿಯಾದ ವಿಧವೆ ಮಗಳಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿದ ಉಡುಪರು ತಾವು ಆ ವಯಸ್ಸಿನಲ್ಲಿ ಚಿಕ್ಕ ಹುಡುಗಿಯನ್ನು ಮದುವೆಯಾಗಲು ಹೊರಡುವ ಹೊತ್ತಿಗೆ ವಕೀಲರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದ್ದರು. ಅವರನ್ನು ಕೋಟಿಲ್ಲದೆ ನೋಡಿದ್ದು ಅವತ್ತೇ.

ಕಲ್ಟ್ ಅನ್ನುವುದು ಬೇರೆ ಜಾತಿ. ಅಲ್ಲಿ ವಾದಕ್ಕೆ ಜಾಗವಿಲ್ಲ, ಪಾರಾಯಣ ಮಾತ್ರ. ವಕೀಲರು ಉಪೇಂದ್ರ ಭಕ್ತರು. 1995ರ ‘ಓಂ’ ಎಷ್ಟು ಸಲ ಮರುಬಿಡುಗಡೆಯಾಯಿತು ಅನ್ನುವುದು ಅವರಿಗೆ ಸ್ವಂತ ಮನೆಯ ವಿಚಾರ. 1998ರ ‘ಎ’ ಚಿತ್ರದ ಕಥೆಯನ್ನು ಹಿಂದುಮುಂದು ಮಾಡಿ ಹೇಳಿದ್ದನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಹೇಳುವುದು ಅವರ ಹವ್ಯಾಸ, ಕೇಳುವವರಿಗೆ ಶಿಕ್ಷೆ. ಹುಡುಗನಿಗೆ ‘ಉಳಿದವರು ಕಂಡಂತೆ’ಯೇ ಭಗವದ್ಗೀತೆ. ಘಟ್ಟದ ಮೇಲೆ ಹುಟ್ಟಿ ಬೆಳೆದವನು ಅದರ ನಾಯಕ ರಿಚ್ಚಿಯ ಮಾತನ್ನು ಕರಾವಳಿ ಕನ್ನಡದಲ್ಲಿ ಒಪ್ಪಿಸುತ್ತಾನೆ, ಕೇಳಿದರೆ ಮಲ್ಪೆಯವರು ದೋಣಿ ಬಿಟ್ಟು ಓಡಬೇಕು. 2014ರಲ್ಲಿ ಅದು ಥಿಯೇಟರಿಗೆ ಬಂದಾಗ ದುಡ್ಡು ಮಾಡಲಿಲ್ಲ. ಈಗ ಯಾರನ್ನು ಕೇಳಿದರೂ ಮೊದಲ ವಾರವೇ ನೋಡಿದ್ದೆ ಅನ್ನುತ್ತಾರೆ. ಅಷ್ಟು ಜನ ನೋಡಿದ್ದರೆ ಅದು ಓಡಬೇಕಿತ್ತಲ್ಲ ಅನ್ನುವ ಲೆಕ್ಕ ಯಾರೂ ಹಾಕುವುದಿಲ್ಲ. ನನಗೂ ಇಷ್ಟದ ಚಿತ್ರ, ಆದರೆ ರಿಚ್ಚಿಗಾಗಿ ಅಲ್ಲ. ರತ್ನಕ್ಕನಾಗಿ ತಾರಾ, ಬಾಲುವಾಗಿ ಅಚ್ಯುತ್ ಕುಮಾರ್, ಬಾಯಿಬಿಡದ ಮುನ್ನನಾಗಿ ಕಿಶೋರ್, ಇವರಿಗಾಗಿ. ಇದನ್ನು ಹೇಳಿದರೆ ಹುಡುಗ “ಅಕ್ಕಾ, ನಿಮಗೆ ಪಿಚ್ಚರ್ ಅರ್ಥ ಆಗಿಲ್ಲ” ಅನ್ನುತ್ತಾನೆ. ಪಾರಾಯಣ ಅಂದೆನಲ್ಲ, ಅದಕ್ಕೇ.

ನನ್ನ ಸ್ವಂತ ಕಲ್ಟ್ ಯಾವುದು ಅಂತ ಕೇಳಿದರೆ ‘ತಿಥಿ’. ಅದಕ್ಕೆ 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಬಂದದ್ದಕ್ಕೆ ಅಲ್ಲ. ತಾತನ ಹೆಸರಿನಲ್ಲಿರುವ ಜಮೀನು ಮಾರಬೇಕು, ಅಪ್ಪ ಗಡ್ಡಪ್ಪ ಯಾವುದಕ್ಕೂ ತಲೆ ಕೊಡದೆ ಬೀಡಿ ಸೇದಿಕೊಂಡು ಅಲೆಯುತ್ತಾನೆ, ಮಗ ತಮ್ಮಣ್ಣ ಬದುಕಿರುವ ಅಪ್ಪನಿಗೇ ಡೆತ್ ಸರ್ಟಿಫಿಕೇಟ್ ಮಾಡಿಸುತ್ತಾನೆ. ಕೋರ್ಟಿನ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟವಳಿಗೆ ಇದು ಕಥೆ ಅಂತ ಯಾಕೆ ಅನ್ನಿಸಬೇಕು? ಪಹಣಿ, ಮ್ಯುಟೇಶನ್, ಮರಣ ಪತ್ರ ಹಿಡಿದುಕೊಂಡು ಬರುವ ಮುಖಗಳನ್ನು ನಾನು ದಿನಾ ನೋಡುತ್ತೇನೆ. ಅದೇ ಆತುರ, ಅದೇ ಹುಸಿನಗೆ. ಮಂಡ್ಯ ಕಡೆಯ ನೊದೆಕೊಪ್ಪಲಿನ ಆಸುಪಾಸಿನ ಜನರೇ ಪಾತ್ರ ಮಾಡಿದ್ದರಿಂದ ಎಲ್ಲೂ ನಟನೆಯ ವಾಸನೆಯಿಲ್ಲ. ಮೇಷ್ಟ್ರಿಗೆ ಮಾತ್ರ ಹಿಡಿಸಲಿಲ್ಲ. ಹಾಡೇ ಇಲ್ಲ ಅಂದರು.

ಹೊಸ ಸಿನಿಮಾಗಳದ್ದು ಇನ್ನೊಂದು ಫಜೀತಿ. ಟಿಕೆಟ್ ಬುಕ್ ಮಾಡುವ ಮೊದಲೇ ಫೋನಿನಲ್ಲಿ ಎಲ್ಲರ ಅಭಿಪ್ರಾಯ ಬಂದು ಕೂತಿರುತ್ತದೆ, ನಮ್ಮದು ಹುಟ್ಟುವುದಕ್ಕೆ ಜಾಗವೇ ಇಲ್ಲ. 2025ರಲ್ಲಿ ‘ಸು ಫ್ರಂ ಸೋ’ಗೆ ಐದೂ ಜನ ಒಟ್ಟಿಗೆ ಹೋಗಿದ್ದೆವು. ಹೊಟ್ಟೆ ಹಿಡಿದು ನಕ್ಕೆವು, ಮೇಷ್ಟ್ರಂತೂ ಕನ್ನಡಕ ತೆಗೆದು ಒರೆಸಿಕೊಂಡರು. ಮಾರನೇ ದಿನ ಅಂಗಡಿಯಲ್ಲಿ ಆ ಚಿತ್ರದ ರವಿಯಣ್ಣನ ಮಾತಾಡಿ ಮತ್ತೊಂದು ಸಲ ನಕ್ಕೆವು. ಜಗಳಕ್ಕೆ ಏನೂ ಸಿಗಲಿಲ್ಲ. ಕೊಟ್ಟ ದುಡ್ಡಿಗೆ ಅಷ್ಟು ನಗು ಸಿಕ್ಕರೆ ಜಗಳ ಯಾಕೆ ಬೇಕು, ಅದೂ ಸರಿಯೇ.

ಮುಂದಿನದಕ್ಕೆ ಗೆಳತಿ ‘ಶರಪಂಜರ’ ಅಂತ ಹೇಳಿದ್ದಾಳೆ. ತ್ರಿವೇಣಿಯವರ ಕಾದಂಬರಿ, 1971ರ ಪುಟ್ಟಣ್ಣನವರ ಚಿತ್ರ. ಬಾಣಂತಿಯಾದ ಮೇಲೆ ಕಾವೇರಿಗೆ ಮನಸ್ಸು ಕೆಡುತ್ತದೆ, ಗುಣವಾಗಿ ಮನೆಗೆ ಬಂದರೂ ಸುತ್ತಲಿನವರು ಅವಳನ್ನು ನೋಡುವ ಕಣ್ಣು ಬದಲಾಗುವುದಿಲ್ಲ. ಈಗಲೂ ಗೆಳತಿಯ ಅಂಗಡಿಗೆ ಮನಸ್ಸಿನ ಕಾಯಿಲೆಯ ಮಾತ್ರೆ ತಗೊಳ್ಳಲು ಬರುವವರು ಸುತ್ತ ಯಾರಿದ್ದಾರೆ ಅಂತ ನೋಡಿ, ಸ್ಟ್ರಿಪ್ಪನ್ನು ಪೇಪರಿನಲ್ಲಿ ಸುತ್ತಿಕೊಡಿ ಅನ್ನುತ್ತಾರಂತೆ. ಇದನ್ನು ಹಳೇ ಸಿನಿಮಾ ಅಂತ ಯಾರು ಹೇಳಿದ್ದು ಅನ್ನುವುದು ಅವಳ ಪ್ರಶ್ನೆ. ಭಾನುವಾರ ನಮ್ಮನೆಯಲ್ಲಿ, ಊಟ ಆದ ಮೇಲೆ. ಕಾವೇರಿಯಾಗಿ ಕಲ್ಪನಾ ಅವರದ್ದು ಓವರ್ ಆಕ್ಟಿಂಗ್ ಅಂತ ಹುಡುಗ ಈಗಲೇ ಶುರು ಮಾಡಿದ್ದಾನೆ, ಮೇಷ್ಟ್ರು ಅವನ ಜೊತೆ ಮಾತು ಬಿಟ್ಟಿದ್ದಾರೆ.